ಬೀಗ ಒಳ್ಳೆಯದೇ, ಆದರೆ ಪತ್ರಕ್ಕೆ ಎರಡು ಮನೆ

ಪ್ರಶ್ನೆ: ನಾನು ಕೌಟುಂಬಿಕ ಸಲಹೆಗಾರ್ತಿ. ನನ್ನ ಹತ್ತಿರ ಬರುವವರಲ್ಲಿ ಹೆಂಗಸರೇ ಜಾಸ್ತಿ. ಮನೆಯ ಜಗಳ, ವೈದ್ಯರ ವರದಿ, ಕೆಲವು ಸಲ ಗಾಯದ ಫೋಟೋ, ಎಲ್ಲವನ್ನೂ ಇಮೇಲ್‌ನಲ್ಲೇ ಕಳಿಸುತ್ತಾರೆ. ಅವರಲ್ಲಿ ಕೆಲವರ ಫೋನ್ ಗಂಡನ ಕೈಯಲ್ಲೂ ಓಡಾಡುತ್ತಿರುತ್ತದೆ. ಹತ್ತು ವರ್ಷ ಜಿಮೇಲ್ ಬಳಸಿದೆ. ಆರು ತಿಂಗಳ ಹಿಂದೆ ದುಡ್ಡು ಕೊಟ್ಟು, 'ನಿಮ್ಮ ಮೇಲ್ ನಾವೂ ಓದಲಾರೆವು' ಎನ್ನುವ ಎನ್‌ಕ್ರಿಪ್ಟೆಡ್ ಸೇವೆಯೊಂದಕ್ಕೆ ಬಂದೆ. ನೆಮ್ಮದಿಯಾಗಿತ್ತು. ಈಗ ಒಬ್ಬ ಸ್ನೇಹಿತರು, 'ಅಂಥ ಕಂಪನಿಗಳೂ ಪೊಲೀಸರಿಗೆ ಮಾಹಿತಿ ಕೊಟ್ಟಿವೆ, ನೀವು ಸುಮ್ನೆ ದುಡ್ಡು ಸುರಿದಿರಿ' ಅಂದರು. ಇನ್ನೊಬ್ಬರು ಸ್ವಂತ ಸರ್ವರ್ ಇಡಿ ಅಂದರು. ಮತ್ತೊಬ್ಬರು, 'ಕಳಿಸಲೇಬೇಡಿ, ಡ್ರಾಫ್ಟ್‌ನಲ್ಲಿ ಬರೆದಿಟ್ಟು ಪಾಸ್‌ವರ್ಡ್ ಹಂಚಿಕೊಳ್ಳಿ, ಯಾರಿಗೂ ಸಿಗುವುದಿಲ್ಲ' ಅಂದರು. ಯಾರ ಮಾತು ನಂಬಲಿ? ಹಳೆಯ ಖಾತೆಯನ್ನು ಅಳಿಸಿಬಿಡಲೇ?

ಉತ್ತರ: ನೀವು ಮೋಸ ಹೋಗಿಲ್ಲ. ಕೊಂಡ ಬೀಗ ಒಳ್ಳೆಯದೇ. ಆದರೆ ಅದು ಯಾವ ಬಾಗಿಲಿಗೆ ಕೂರುತ್ತದೆ, ಯಾವುದಕ್ಕೆ ಕೂರುವುದಿಲ್ಲ ಅನ್ನುವುದನ್ನು ಮಾರಿದವರು ಬಿಡಿಸಿ ಹೇಳಿಲ್ಲ. ನಿಮ್ಮ ಮೂವರು ಸ್ನೇಹಿತರಲ್ಲಿ ಮೊದಲನೆಯವರ ಮಾತು ಅರ್ಧ ನಿಜ. ಎರಡನೆಯವರ ಸಲಹೆ ಕೆಲವರಿಗೆ ಸರಿ, ನಿಮಗಲ್ಲ. ಮೂರನೆಯದು ಪೂರ್ತಿ ತಪ್ಪು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದೆಲ್ಲ ಕಂಪನಿ, ಪೊಲೀಸು, ಸರ್ವರ್ ಬಗ್ಗೆ. ನನಗೆ ಚಿಂತೆ ಹಚ್ಚಿದ್ದು ನಡುವೆ ಬಂದು ಹೋದ ಒಂದು ಸಾಲು: 'ಕೆಲವರ ಫೋನ್ ಗಂಡನ ಕೈಯಲ್ಲೂ ಓಡಾಡುತ್ತಿರುತ್ತದೆ.' ನಿಮ್ಮ ಕೆಲಸದಲ್ಲಿ ಮೇಲ್ ಸೋರುವುದಾದರೆ ಮೊದಲು ಸೋರುವುದು ಅಲ್ಲಿಂದಲೇ. ಆ ಕಡೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಮೇಲ್ ಹೇಗೆ ಪ್ರಯಾಣ ಮಾಡುತ್ತದೆ ಅನ್ನುವುದು ಗೊತ್ತಿದ್ದರೆ ಉಳಿದದ್ದು ಸುಲಭ.

ನಾನು ಹಲವು ವರ್ಷ ಮೇಲ್ ಸರ್ವರ್ ನೋಡಿಕೊಂಡವನು. 'ನಮ್ಮ ಮೇಲ್ ತಲುಪಿಲ್ಲ' ಅಂತ ಯಾರಾದರೂ ದೂರು ಕೊಟ್ಟರೆ ಮೊದಲು ಲಾಗ್, ಅಂದರೆ ಸರ್ವರ್ ತಾನೇ ಬರೆದಿಡುವ ದಿನಚರಿ, ತೆಗೆಯುತ್ತಿದ್ದೆ. ಯಾರು ಕಳಿಸಿದರು, ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ದೊಡ್ಡದು, ಯಾವ ಐಪಿ ವಿಳಾಸದಿಂದ (ಇಂಟರ್ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಬಂತು, ಎಲ್ಲ ಸಾಲಾಗಿ ಇರುತ್ತಿತ್ತು. ಇನ್ನೂ ಹೊರಡದೆ ಸಾಲಿನಲ್ಲಿ ನಿಂತ ಮೇಲ್ ಆದರೆ ಒಂದೇ ಕಮಾಂಡ್‌ಗೆ ಒಳಗಿನ ಬರಹವೂ ತೆರೆದುಕೊಳ್ಳುತ್ತಿತ್ತು. ತೆರೆಯಬಾರದು ಅನ್ನುವುದು ನಮ್ಮ ಶಿಸ್ತು. ಆದರೆ ತೆರೆಯದಂತೆ ತಡೆಯುವಂಥದ್ದು ಯಂತ್ರದಲ್ಲಿ ಏನೂ ಇರಲಿಲ್ಲ. ಇದು ಯಾರೋ ಮಾಡಿದ ಅಚಾತುರ್ಯ ಅಲ್ಲ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮವನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದರು. ಆಗ ನೆಟ್‌ವರ್ಕ್‌ನಲ್ಲಿದ್ದವರು ಕೆಲವೇ ವಿಶ್ವವಿದ್ಯಾಲಯ, ಸಂಶೋಧನಾಲಯಗಳವರು. ಹೆಚ್ಚುಕಡಿಮೆ ಎಲ್ಲರಿಗೂ ಎಲ್ಲರ ಪರಿಚಯ. ಗುಟ್ಟು ಕಾಪಾಡುವ ಏರ್ಪಾಡು ಅದರಲ್ಲಿ ಇರಲಿಲ್ಲ. ಕಳಿಸಿದವರು ನಿಜವಾಗಿ ಅವರೇನಾ ಅಂತ ಪರೀಕ್ಷಿಸುವ ಏರ್ಪಾಡೂ ಇರಲಿಲ್ಲ. ನಂತರ ಬಂದದ್ದೆಲ್ಲ ಆ ಹಳೆಯ ಗೋಡೆಗೆ ಹಚ್ಚಿದ ತೇಪೆ.

'ಇಮೇಲ್ ಅಂದರೆ ಪೋಸ್ಟ್‌ಕಾರ್ಡ್, ದಾರಿಯಲ್ಲಿ ಸಿಕ್ಕವರೆಲ್ಲ ಓದಬಹುದು' ಅನ್ನುವ ಮಾತು ನೀವು ಕೇಳಿರುತ್ತೀರಿ. ಒಂದು ಕಾಲಕ್ಕೆ ಅದು ಸರಿಯಾಗಿತ್ತು. ಈಗ ಅಷ್ಟು ಸರಿಯಲ್ಲ. 1999ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಅನ್ನುವ ವ್ಯವಸ್ಥೆ ಬಂತು. ಎರಡು ಸರ್ವರ್‌ಗಳು ಮೇಲ್ ದಾಟಿಸುವ ಮುನ್ನ ನಡುವಿನ ದಾರಿಗೆ ಬೀಗ ಹಾಕಿಕೊಳ್ಳುವುದು ಅದರ ಕೆಲಸ. ಇವತ್ತು ದೊಡ್ಡ ಸೇವೆಗಳ ನಡುವೆ ಓಡಾಡುವ ಮೇಲ್ ಬಹುಪಾಲು ಹೀಗೇ ಹೋಗುತ್ತದೆ. ಅಂದರೆ ಪೋಸ್ಟ್‌ಕಾರ್ಡ್ ಈಗ ಬೀಗ ಹಾಕಿದ ವ್ಯಾನ್‌ನಲ್ಲಿ ಹೋಗುತ್ತಿದೆ. ಆದರೆ ಅಂಚೆ ಕಚೇರಿಗೆ ಬಂದು ಇಳಿದಾಗ ಅದು ಮತ್ತೆ ಪೋಸ್ಟ್‌ಕಾರ್ಡೇ. ಇನ್ನೂ ಒಂದು ತೊಡಕಿದೆ. ಆ ಕಡೆಯ ಸರ್ವರ್ 'ನನಗೆ ಬೀಗ ಬರುವುದಿಲ್ಲ' ಅಂದರೆ ಸಾಮಾನ್ಯವಾಗಿ ಈ ಕಡೆಯದು ಬೀಗವಿಲ್ಲದೆ ಕಳಿಸಿಬಿಡುತ್ತದೆ. ನಡುವೆ ಕೂತ ಕಳ್ಳ ಆ ಸುಳ್ಳನ್ನು ತಾನೇ ಹೇಳಬಹುದು, ಅಲ್ವಾ? ಅದನ್ನು ತಡೆಯುವ ಒಂದು ನಿಯಮ 2018ರಲ್ಲಿ ಬಂತು. ಎಲ್ಲ ಸರ್ವರ್‌ಗಳೂ ಅದನ್ನು ಇನ್ನೂ ಅಳವಡಿಸಿಕೊಂಡಿಲ್ಲ.

ಹಾಗಾಗಿ ಜಾಹೀರಾತಿನಲ್ಲಿ 'ಎನ್‌ಕ್ರಿಪ್ಟೆಡ್' ಅಂತ ಕಂಡಾಗ ನಾನು ಕೇಳುವುದು ಒಂದೇ: ಕೀ ಯಾರ ಹತ್ತಿರ ಇದೆ? ದಾರಿಗೆ ಬೀಗ ಹಾಕುವುದೂ ಎನ್‌ಕ್ರಿಪ್ಷನ್. ಕಂಪನಿಯ ಡಿಸ್ಕ್‌ಗೆ ಬೀಗ ಹಾಕುವುದೂ ಎನ್‌ಕ್ರಿಪ್ಷನ್. ಅಲ್ಲಿ ಕೀ ಕಂಪನಿಯ ಹತ್ತಿರವೇ ಇರುತ್ತದೆ. ಯಾರೋ ಡಿಸ್ಕ್ ಕದ್ದರೆ ಮಾತ್ರ ಅದು ಉಪಯೋಗ. ಮೂರನೆಯದು, ಕಳಿಸಿದವರ ಯಂತ್ರದಲ್ಲಿ ಬೀಗ ಬಿದ್ದು, ಪಡೆದವರ ಯಂತ್ರದಲ್ಲಿ ಮಾತ್ರ ತೆರೆಯುವುದು. ನೀವು ಕೊಂಡದ್ದು ಈ ಮೂರನೆಯದನ್ನು. ಒಂದು ಷರತ್ತಿನೊಂದಿಗೆ.

ಆ ಷರತ್ತು ಹೀಗೆ. ನಿಮ್ಮದೇ ಸೇವೆ ಬಳಸುವ ಇನ್ನೊಬ್ಬರು ನಿಮಗೆ ಬರೆದರೆ ಆ ಮೇಲ್ ಈ ಕೊನೆಯಿಂದ ಆ ಕೊನೆಯವರೆಗೆ ಮುಚ್ಚಿಕೊಂಡೇ ಬರುತ್ತದೆ. ಆದರೆ ನಿಮ್ಮ ಹತ್ತಿರ ಬರುವ ಹೆಣ್ಣುಮಗಳು ತನ್ನ ಜಿಮೇಲ್‌ನಿಂದಲೋ ಔಟ್‌ಲುಕ್‌ನಿಂದಲೋ ಬರೆಯುತ್ತಾಳೆ. ಅವಳ ಮೇಲ್ ನಿಮ್ಮ ಸೇವೆಯ ಸರ್ವರ್‌ಗೆ ತೆರೆದುಕೊಂಡೇ ಬಂದು ಸೇರುತ್ತದೆ. ಬಂದ ಮೇಲೆ ಸರ್ವರ್ ಅದಕ್ಕೆ ನಿಮ್ಮ ಬೀಗ ಹಾಕಿ ಒಳಗಿಡುತ್ತದೆ. ಬಾಗಿಲಿನಿಂದ ಪೆಟ್ಟಿಗೆಯವರೆಗಿನ ಆ ನಾಲ್ಕು ಹೆಜ್ಜೆ ಬೀಗವಿಲ್ಲದ್ದು. ಇದು ಬರೀ ಪುಸ್ತಕದ ಮಾತಲ್ಲ. 2020ರಲ್ಲಿ ಜರ್ಮನಿಯ ಕಲೋನ್‌ನ ನ್ಯಾಯಾಲಯ ಟುಟಾನೋಟಾ (ಈಗಿನ ಹೆಸರು ಟುಟಾ) ಎಂಬ ಎನ್‌ಕ್ರಿಪ್ಟೆಡ್ ಸೇವೆಗೆ, ಒಂದು ಖಾತೆಯ ಮೇಲೆ ನಿಗಾ ಇಡುವ ಏರ್ಪಾಡು ಮಾಡಿಕೊಡಿ ಅಂತ ಆದೇಶ ಕೊಟ್ಟಿತು. ಅದಾಗಲೇ ಬೀಗ ಬಿದ್ದ ಹಳೆಯ ಮೇಲ್ ತೆರೆಯಲು ಕಂಪನಿಗೂ ಆಗುತ್ತಿರಲಿಲ್ಲ. ಹೊಸದಾಗಿ ಹೊರಗಿನಿಂದ ಬೀಗವಿಲ್ಲದೆ ಬರುವ ಮೇಲ್ ಮಾತ್ರ ಸಿಗುವಂತಿತ್ತು. ಅದೇ ನಾಲ್ಕು ಹೆಜ್ಜೆ.

ಇನ್ನೊಂದು ಕಡೆ ನೋಡಿ. ನಿಮ್ಮ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಅದೇ ಪತ್ರದ ಇನ್ನೊಂದು ಪ್ರತಿ ಅವಳ 'ಕಳಿಸಿದ್ದು' ಫೋಲ್ಡರ್‌ನಲ್ಲಿ ಬಿಚ್ಚಿಕೊಂಡೇ ಕೂತಿರುತ್ತದೆ. ನೀವು ಬರೆದ ಉತ್ತರವೂ ಅವಳ ಇನ್‌ಬಾಕ್ಸ್‌ನಲ್ಲಿ ಹಾಗೇ ಇರುತ್ತದೆ. ಪ್ರತಿ ಪತ್ರಕ್ಕೂ ಎರಡು ಮನೆ. ನೀವು ಬೀಗ ಹಾಕಿಸಿದ್ದು ಒಂದಕ್ಕೆ.

ಬೀಗ ಬಿದ್ದಾಗಲೂ ಹೊರಗೇ ಉಳಿಯುವುದು ವಿಳಾಸ ಮತ್ತು ಸಮಯ. ಯಾರು, ಯಾರಿಗೆ, ಯಾವಾಗ, ಎಷ್ಟು ಸಲ ಬರೆದರು ಅನ್ನುವುದು ಸರ್ವರ್‌ಗೆ ಗೊತ್ತಾಗಲೇಬೇಕು. ಇಲ್ಲದಿದ್ದರೆ ಮೇಲ್ ತಲುಪುವುದಾದರೂ ಹೇಗೆ? ಎಷ್ಟೋ ಸೇವೆಗಳಲ್ಲಿ ಸಬ್ಜೆಕ್ಟ್ ಸಾಲಿಗೂ ಈ ಬೀಗ ಇರುವುದಿಲ್ಲ. ಸ್ವಿಟ್ಜರ್ಲೆಂಡ್‌ನ ಎನ್‌ಕ್ರಿಪ್ಟೆಡ್ ಸೇವೆ ಪ್ರೋಟಾನ್‌ನಲ್ಲಿ ಸಬ್ಜೆಕ್ಟ್ ಕೊನೆಯಿಂದ ಕೊನೆಗೆ ಮುಚ್ಚಿಕೊಳ್ಳುವುದಿಲ್ಲ. ಟುಟಾನೋಟಾದಲ್ಲಿ ಮುಚ್ಚಿಕೊಳ್ಳುತ್ತದೆ. ನಿಮ್ಮ ಕೆಲಸಕ್ಕೆ ಇದು ಸಣ್ಣ ಮಾತಲ್ಲ. 'ನಿನ್ನೆ ರಾತ್ರಿ ಮತ್ತೆ ಹೊಡೆದರು' ಅಂತ ಸಬ್ಜೆಕ್ಟ್‌ನಲ್ಲೇ ಬರೆಯುವವರಿದ್ದಾರೆ. ಫೋನ್‌ನ ಪರದೆ ಮೇಲೆ ನೋಟಿಫಿಕೇಶನ್ ಬಂದಾಗ ಮೊದಲು ಕಾಣುವುದೂ ಅದೇ. ಅದನ್ನು ಓದಲು ಪಾಸ್‌ವರ್ಡೂ ಬೇಡ.

ಈಗ ನಿಮ್ಮ ಮೊದಲ ಸ್ನೇಹಿತರ ಮಾತು. ಕಂಪನಿಗಳು ಮಾಹಿತಿ ಕೊಟ್ಟಿವೆ, ಹೌದು. ಆದರೆ ಏನು ಕೊಟ್ಟವು, ಏನು ಕೊಡಲಾಗಲಿಲ್ಲ ಅನ್ನುವುದರಲ್ಲಿ ಪಾಠವಿದೆ. 2007ರಲ್ಲಿ ಕೆನಡಾದ ಹಷ್‌ಮೇಲ್ ನ್ಯಾಯಾಲಯದ ಆದೇಶದ ಮೇರೆಗೆ, ಬೀಗ ತೆಗೆದ ಮೇಲ್‌ಗಳನ್ನೇ ಸಿಡಿಗಳಲ್ಲಿ ತುಂಬಿ ಕೊಟ್ಟಿತು. ಬ್ರೌಸರ್‌ನಲ್ಲಿ ಸುಲಭವಾಗಿ ಬಳಸಲಿ ಅಂತ ಆ ಸೇವೆ ಪಾಸ್‌ವರ್ಡನ್ನು ಒಂದು ಕ್ಷಣ ತನ್ನ ಸರ್ವರ್‌ಗೆ ತರಿಸಿಕೊಳ್ಳುವ ದಾರಿ ಇಟ್ಟಿತ್ತು. ಆ ಕ್ಷಣವೇ ಸಾಕಾಯಿತು. 2013ರಲ್ಲಿ ಅಮೆರಿಕದ ಲಾವಾಬಿಟ್‌ಗೆ ಬಂದದ್ದು ಇನ್ನೂ ಕಠಿಣ ಪ್ರಸಂಗ. ಅಮೆರಿಕದ ಗುಪ್ತಚರ ರಹಸ್ಯಗಳನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಅವರ ಖಾತೆ ಅಲ್ಲಿತ್ತು. ಸರ್ಕಾರ ಕೇಳಿದ್ದು ಇಡೀ ಸೇವೆಯ ಕೀಯನ್ನೇ. ಒಬ್ಬರಿಗಾಗಿ ಎಲ್ಲರ ಬೀಗ. ಮಾಲೀಕ ಲಾಡಾರ್ ಲೆವಿಸನ್ ಆ ಕೀಯನ್ನು ಕಣ್ಣಿಗೇ ಕಾಣದಷ್ಟು ಸಣ್ಣ ಅಕ್ಷರದಲ್ಲಿ 11 ಪುಟ ಮುದ್ರಿಸಿ ಕೊಟ್ಟರು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೊನೆಗೆ ಸೇವೆಯನ್ನೇ ಮುಚ್ಚಿದರು. ಸುಮಾರು 4 ಲಕ್ಷ ಬಳಕೆದಾರರಿಗೆ ರಾತ್ರೋರಾತ್ರಿ ಮೇಲ್ ಇಲ್ಲದಂತಾಯಿತು. ಖಾಸಗಿತನ ಉಳಿಯಿತು, ಮೇಲ್ ಹೋಯಿತು. ಈ ಕಥೆ ಹೇಳುವವರು ಎರಡನೆಯ ಭಾಗವನ್ನು ನುಂಗಿಬಿಡುತ್ತಾರೆ.

ನಿಮ್ಮ ಸ್ನೇಹಿತರ ಮನಸ್ಸಿನಲ್ಲಿ ಇದ್ದದ್ದು ಬಹುಶಃ 2021ರ ಪ್ರೋಟಾನ್ ಪ್ರಕರಣ. ಫ್ರಾನ್ಸ್‌ನ ಪರಿಸರ ಹೋರಾಟಗಾರರ ಖಾತೆಯೊಂದರ ಬಗ್ಗೆ ಅಲ್ಲಿನ ಪೊಲೀಸರು ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮೂಲಕ ಸ್ವಿಟ್ಜರ್ಲೆಂಡ್‌ಗೆ ಮನವಿ ಕಳಿಸಿದರು. ಸ್ವಿಸ್ ಅಧಿಕಾರಿಗಳು ಆದೇಶ ಕೊಟ್ಟರು. ಕಂಪನಿ ಆ ಖಾತೆಯ ಐಪಿ ವಿಳಾಸ ದಾಖಲಿಸಿ ಕೊಟ್ಟಿತು. ಮೇಲ್‌ನ ಒಳಗಿನ ಬರಹ ಕೊಡಲಿಲ್ಲ, ಕೊಡಲು ಆಗುತ್ತಲೂ ಇರಲಿಲ್ಲ. ಆದರೆ ಹೋರಾಟಗಾರರನ್ನು ಹಿಡಿಯಲು ಬರಹ ಬೇಕಾಗಿರಲಿಲ್ಲ, ವಿಳಾಸ ಸಾಕಿತ್ತು. 2024ರಲ್ಲಿ ಸ್ಪೇನ್‌ನ ಪ್ರಕರಣವೊಂದರಲ್ಲಿ ಅದೇ ಕಂಪನಿ ಕೊಟ್ಟದ್ದು ಬಳಕೆದಾರರು ತಾವೇ ತುಂಬಿದ್ದ ರಿಕವರಿ ಇಮೇಲ್ ವಿಳಾಸ. ಅದು ಆಪಲ್ ಖಾತೆ. ಅಲ್ಲಿಂದ ಹೆಸರು ಸಿಕ್ಕಿತು. 'ಪಾಸ್‌ವರ್ಡ್ ಮರೆತರೆ ಇರಲಿ' ಅಂತ ನಾವು ತುಂಬುವ ಒಂದು ಸಾಲು, ಇಡೀ ಮುಸುಕನ್ನು ಎಳೆದುಹಾಕಿತು.

ನನ್ನ ಅಭಿಪ್ರಾಯ ಕೇಳಿದರೆ, ಇದರಲ್ಲಿ ಕಂಪನಿಯ ದ್ರೋಹ ಅಂತ ನನಗೆ ಕಾಣುವುದಿಲ್ಲ. ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಕಾನೂನಿಗೆ ಕಂಪನಿ ತಲೆಬಾಗಲೇಬೇಕು. ತಪ್ಪು ಇದ್ದದ್ದು ಪ್ರಚಾರದಲ್ಲಿ. 'ನಾವು ಐಪಿ ಉಳಿಸಿಕೊಳ್ಳುವುದಿಲ್ಲ' ಅಂತ ದೊಡ್ಡದಾಗಿ ಬರೆದು, 'ಆದೇಶ ಬಂದರೆ ಉಳಿಸಬೇಕಾಗುತ್ತದೆ' ಅನ್ನುವುದನ್ನು ಅದೇ ಗಾತ್ರದಲ್ಲಿ ಬರೆಯದೇ ಹೋದದ್ದು. ಪ್ರಕರಣದ ನಂತರ ಆ ಸಾಲನ್ನು ಬದಲಿಸಿದರು. ನಿಮ್ಮ ವಿಚಾರಕ್ಕೆ ಬಂದರೆ, ನೀವು ಸರ್ಕಾರದಿಂದ ತಲೆ ಮರೆಸಿಕೊಂಡವರಲ್ಲ. ನಿಮ್ಮ ಹೆಸರೇ ನಿಮ್ಮ ವೃತ್ತಿ. ಈ ಅಪಾಯ ನಿಮ್ಮ ಪಟ್ಟಿಯಲ್ಲಿ ಬಹಳ ಕೆಳಗಿದೆ.

ಹಳೆಯ ಉಚಿತ ಸೇವೆಯ ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ಅಲ್ಲಿ ಯಾರೋ ಕೂತು ನಿಮ್ಮ ಪತ್ರ ಓದುತ್ತಾರೆ ಅನ್ನುವುದು. ಮನುಷ್ಯರು ಓದುತ್ತಿರಲಿಲ್ಲ, ಯಂತ್ರ ಓದುತ್ತಿತ್ತು. 2004ರಲ್ಲಿ ಜಿಮೇಲ್ ಬಂದಾಗ ಮೇಲ್‌ನ ಪದಗಳನ್ನು ನೋಡಿ ಜಾಹೀರಾತು ತೋರಿಸುತ್ತಿದ್ದರು. ಅದನ್ನು ನಿಲ್ಲಿಸುತ್ತೇವೆ ಅಂದದ್ದು 2017ರಲ್ಲಿ. ಸ್ಪ್ಯಾಮ್ ಹಿಡಿಯಲು, ಹುಡುಕಾಟಕ್ಕೆ, ವೈರಸ್ ಪರೀಕ್ಷೆಗೆ ಯಂತ್ರ ಈಗಲೂ ಓದುತ್ತದೆ. ಓದದೆ ಸ್ಪ್ಯಾಮ್ ಹಿಡಿಯುವುದು ಕಷ್ಟ. ಎನ್‌ಕ್ರಿಪ್ಟೆಡ್ ಸೇವೆಗಳಲ್ಲಿ ಹುಡುಕಾಟ ನಿಧಾನ ಅಂತ ನಿಮಗೆ ಅನಿಸಿದ್ದರೆ ಕಾರಣ ಇದೇ. ಅಲ್ಲಿನ ಸರ್ವರ್‌ಗೆ ಓದಲು ಬರುವುದಿಲ್ಲ.

ಡ್ರಾಫ್ಟ್ ಉಪಾಯ. ಇದು ಹಳೆಯ ಕಾಲದ ಬುದ್ಧಿವಂತಿಕೆ. ಡ್ರಾಫ್ಟ್ ಅಂದರೆ ಸರ್ವರ್‌ನಲ್ಲಿ ಉಳಿಸಿದ ಬರಹ, ಅಷ್ಟೇ. ಕಳಿಸದಿದ್ದರೂ ಅದು ಕಂಪನಿಯ ಡಿಸ್ಕ್‌ನಲ್ಲೇ ಇದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮುಖ್ಯಸ್ಥರಾಗಿದ್ದ ಡೇವಿಡ್ ಪೆಟ್ರೇಯಸ್ ಇದೇ ಉಪಾಯ ಮಾಡಿದ್ದರು. 2012ರಲ್ಲಿ ಸಿಕ್ಕಿಬಿದ್ದು ರಾಜೀನಾಮೆ ಕೊಟ್ಟರು. ತನಿಖೆಯವರು ಹಿಡಿದ ಎಳೆ, ಯಾವ ಯಾವ ಹೋಟೆಲ್‌ಗಳ ನೆಟ್‌ವರ್ಕ್‌ನಿಂದ ಲಾಗಿನ್ ಆಗಿದೆ ಅನ್ನುವುದು. ಗೂಢಚಾರರ ಯಜಮಾನರಿಗೇ ಒದಗದ ಉಪಾಯ ನಿಮಗೆ ಬೇಡ. ಅದಕ್ಕಿಂತ ಮುಖ್ಯವಾಗಿ, ಹತ್ತು ಜನರೊಂದಿಗೆ ಒಂದು ಪಾಸ್‌ವರ್ಡ್ ಹಂಚಿಕೊಂಡರೆ ಒಬ್ಬರ ಕಥೆ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ಸ್ವಂತ ಸರ್ವರ್ ಬಗ್ಗೆ ನನಗೆ ಮೃದು ಮನಸ್ಸಿದೆ. ನಾನೂ ಒಂದನ್ನು ವರ್ಷಗಟ್ಟಲೆ ಸಾಕಿದ್ದೇನೆ. ಸಾಕಿದ್ದೇನೆ ಅನ್ನುವುದೇ ಸರಿಯಾದ ಪದ. ಒಂದು ದಿನ ಪಕ್ಕದ ಐಪಿಯಿಂದ ಯಾರೋ ಸ್ಪ್ಯಾಮ್ ಕಳಿಸಿದರು, ನನ್ನ ಐಪಿಯೂ ಕಪ್ಪುಪಟ್ಟಿಗೆ ಸೇರಿತು. ಮೂರು ದಿನ ನನ್ನ ಮೇಲ್ ಯಾರ ಇನ್‌ಬಾಕ್ಸನ್ನೂ ಮುಟ್ಟಲಿಲ್ಲ. ಇನ್ನೊಂದು ಸಲ ಡೊಮೇನ್ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ನವೀಕರಿಸುವುದನ್ನು ಮರೆತೆ. ಎಚ್ಚರಿಕೆಯ ಮೇಲ್ ಬಂದದ್ದು ಆ ನಿಂತುಹೋದ ವಿಳಾಸಕ್ಕೇ. ಇಂಥದ್ದು ನಿಮಗಾದರೆ, ಅವತ್ತೇ ಒಬ್ಬಳು ಸಹಾಯ ಕೇಳಿ ಬರೆದಿದ್ದರೆ? ಅಲ್ಲದೆ ಸ್ವಂತ ಸರ್ವರ್‌ನಿಂದ ಗುಟ್ಟು ಜಾಸ್ತಿಯಾಗುತ್ತದೆ ಅನ್ನುವುದೂ ಖಾತ್ರಿಯಿಲ್ಲ. ಡಿಸ್ಕ್ ಬಾಡಿಗೆಗೆ ಕೊಟ್ಟವರ ಕೈ ಅದರ ಮೇಲಿರುತ್ತದೆ. ಕೋಟ್ಯಂತರ ಜನರ ಗುಂಪಿನಲ್ಲಿ ಕಳೆದುಹೋಗುವ ಅನುಕೂಲವೂ ಇಲ್ಲ. ನಿಮ್ಮ ಡೊಮೇನ್‌ಗೆ ಬಂದ ಮೇಲ್ ಅಂದರೆ ನಿಮಗೇ ಬಂದದ್ದು ಅಂತ ದಾರಿಯಲ್ಲಿ ನೋಡಿದವರಿಗೆಲ್ಲ ಗೊತ್ತು. 2019ರಲ್ಲಿ ವಿಎಫ್‌ಇಮೇಲ್ ಎಂಬ ಸಣ್ಣ ಸೇವೆಗೆ ನುಗ್ಗಿದವರು ಅಮೆರಿಕದಲ್ಲಿದ್ದ ಅದರ ಡಿಸ್ಕ್‌ಗಳನ್ನೆಲ್ಲ ಅಳಿಸಿದರು, ಬ್ಯಾಕಪ್ ಸಮೇತ. ನುರಿತವರ ಗತಿಯೇ ಹೀಗಾದಾಗ ಬಿಡುವಿನ ವೇಳೆಯಲ್ಲಿ ಸರ್ವರ್ ನೋಡುವವರು ಏನು ಮಾಡಬೇಕು?

ಪಿಜಿಪಿ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೇಲ್‌ಗೆ ನಾವೇ ಬೀಗ ಹಾಕಿ ಕಳಿಸುವ ತಂತ್ರಾಂಶ ಅದು, ಫಿಲ್ ಜಿಮ್ಮರ್‌ಮನ್ 1991ರಲ್ಲಿ ಹೊರತಂದದ್ದು. ಗಣಿತ ಇವತ್ತಿಗೂ ಗಟ್ಟಿ. ಆದರೆ ಎರಡೂ ಕಡೆಯವರು ಕೀ ಮಾಡಿಕೊಂಡು, ಕಾಪಾಡಿಕೊಂಡು, ಕಳೆದುಕೊಳ್ಳದೆ ಇರಬೇಕು. 2018ರಲ್ಲಿ ಇಫೇಲ್ ಎಂಬ ದೋಷ ಹೊರಬಿತ್ತು. ಬೀಗ ತೆಗೆದ ಮೇಲ್ ಅನ್ನು ಮೇಲ್ ತೋರಿಸುವ ತಂತ್ರಾಂಶವೇ ಹೊರಗೆ ಕಳಿಸಿಬಿಡುವಂತೆ ಮಾಡುವ ಉಪಾಯ ಅದು. ಗಾಬರಿಯಲ್ಲಿರುವ ಹೆಣ್ಣುಮಗಳಿಗೆ 'ಮೊದಲು ಕೀ ಮಾಡಿಕೊಳ್ಳಿ' ಅನ್ನಲಾಗುತ್ತದೆಯೇ? ಬಿಟ್ಟುಬಿಡಿ.

ಈಗ ನಿಜವಾಗಿ ಮೇಲ್ ಸೋರುವ ಜಾಗಕ್ಕೆ ಬರೋಣ. ನಾನು ನೋಡಿದ ಖಾತೆ ಕಳವುಗಳಲ್ಲಿ ಎನ್‌ಕ್ರಿಪ್ಷನ್ ಒಡೆದದ್ದು ಒಂದೂ ಇಲ್ಲ. ಬಾಗಿಲಿನಿಂದಲೇ ಒಳಗೆ ಬಂದಿರುತ್ತಾರೆ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಅವರ ಯಾಹೂ ಖಾತೆಗೆ ಒಬ್ಬ ಕಾಲೇಜು ಹುಡುಗ ನುಗ್ಗಿದ. ಹುಟ್ಟಿದ ದಿನ, ಪಿನ್‌ಕೋಡ್, ಗಂಡನನ್ನು ಮೊದಲು ಕಂಡದ್ದೆಲ್ಲಿ, ಪಾಸ್‌ವರ್ಡ್ ಮರೆತವರಿಗೆ ಕೇಳುತ್ತಿದ್ದದ್ದು ಇಷ್ಟೇ ಪ್ರಶ್ನೆ. ಉತ್ತರಗಳೆಲ್ಲ ಇಂಟರ್ನೆಟ್‌ನಲ್ಲೇ ಇದ್ದವು. ದೂರದ ಹುಡುಗನಿಗೆ ಹುಡುಕಿದರೆ ಸಿಗುವ ಉತ್ತರ, ಒಂದೇ ಮನೆಯಲ್ಲಿರುವ ಗಂಡನಿಗೆ ಬಾಯಿಪಾಠ ಅಲ್ವಾ? 2016ರಲ್ಲಿ ಹಿಲರಿ ಕ್ಲಿಂಟನ್ ಅವರ ಪ್ರಚಾರ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರಿಗೆ 'ಪಾಸ್‌ವರ್ಡ್ ಬದಲಿಸಿ' ಅಂತ ಗೂಗಲ್ ಹೆಸರಿನಲ್ಲಿ ನಕಲಿ ಮೇಲ್ ಬಂತು. ಕಚೇರಿಯ ಕಂಪ್ಯೂಟರ್ ಸಹಾಯಕ ಅದನ್ನು ನೋಡಿ 'ಇದು ಅಸಲಿ' ಅಂತ ಬರೆದ. 'ಅಸಲಿಯಲ್ಲ' ಅಂತ ಬರೆಯಹೋಗಿ ಕೈತಪ್ಪಿತು ಅಂತ ಆಮೇಲೆ ಹೇಳಿದ. ಸಾವಿರಾರು ಮೇಲ್ ಹೊರಗೆ ಹೋದವು.

ಕಂಪನಿಯ ಕಡೆಯಿಂದಲೂ ಬಾಗಿಲು ಒಡೆಯುತ್ತದೆ, ಇಲ್ಲ ಅನ್ನುವುದಿಲ್ಲ. 2013ರ ಯಾಹೂ ಕಳವಿನಲ್ಲಿ ಅದರ ಎಲ್ಲ 300 ಕೋಟಿ ಖಾತೆಗಳ ವಿವರ ಹೋಗಿತ್ತು ಅಂತ ಜನಕ್ಕೆ ಗೊತ್ತಾದದ್ದು 2017ರಲ್ಲಿ. 2023ರಲ್ಲಿ ಮೈಕ್ರೋಸಾಫ್ಟ್‌ನಲ್ಲಿ 'ಇವರು ಲಾಗಿನ್ ಆದವರೇ' ಅಂತ ಸಹಿ ಹಾಕುವ ಒಂದು ಕೀ ಕದ್ದವರು ಯಾರ ಪಾಸ್‌ವರ್ಡೂ ಇಲ್ಲದೆ ಅಮೆರಿಕ ಸರ್ಕಾರದ ಮೇಲ್ ಓದಿದರು. ಇದರಲ್ಲಿ ನೀವು ಮಾಡಬಹುದಾದದ್ದು ಒಂದೇ: ಹಳೆಯ ಮೇಲ್ ರಾಶಿ ಹಾಕಿಕೊಂಡು ಕೂರದಿರುವುದು.

ನಿಮ್ಮ ಖಾತೆಗೆ ಪಾಸ್‌ವರ್ಡ್ ಜೊತೆ ಪಾಸ್‌ಕೀ (ಫೋನ್ ಅಥವಾ ಕಂಪ್ಯೂಟರ್ ತಾನೇ ಇಟ್ಟುಕೊಳ್ಳುವ ಲಾಗಿನ್ ಕೀ) ಅಥವಾ ಯುಎಸ್‌ಬಿಯಂಥ ಭದ್ರತಾ ಕೀ ಹಾಕಿಸಿ. ನಕಲಿ ಪುಟಕ್ಕೆ ಅವು ಮೋಸ ಹೋಗುವುದಿಲ್ಲ. ಎಸ್‌ಎಂಎಸ್‌ನಲ್ಲಿ ಬರುವ ಸಂಖ್ಯೆ ಇಲ್ಲದಿರುವುದಕ್ಕಿಂತ ಮೇಲು, ಅಷ್ಟೇ. ನಿಮ್ಮ ರಿಕವರಿ ವಿಳಾಸ ಯಾವುದು ಅಂತ ಇವತ್ತೇ ನೋಡಿ. ಆ ಹಳೆಯ ಜಿಮೇಲ್ ಆಗಿದ್ದರೆ, ಹೊಸ ಮನೆಯ ಬೀಗದ ಕೈ ಹಳೆಯ ಮನೆಯ ಕಿಟಕಿಯಲ್ಲಿ ನೇತುಹಾಕಿದಂತೆ. ಆದರೆ ಒಂದು ಎಚ್ಚರಿಕೆ. ನಿಮ್ಮಂಥ ಸೇವೆಯಲ್ಲಿ ಪಾಸ್‌ವರ್ಡೂ ಮರೆತು, ರಿಕವರಿ ಕೋಡೂ ಕಳೆದರೆ ಹಳೆಯ ಮೇಲ್ ಯಾರೂ ತೆರೆದುಕೊಡಲಾರರು. ಕೋಡನ್ನು ಕಾಗದದಲ್ಲಿ ಬರೆದು, ಬೀರುವಿನಲ್ಲಿಡಿ.

ಇನ್ನು ನಿಮ್ಮ ಹತ್ತಿರ ಬರುವವರ ಖಾತೆ. ಒಂದೇ ಮನೆಯಲ್ಲಿರುವವರು ಮೇಲ್ ಕದಿಯುವಾಗ ಪಾಸ್‌ವರ್ಡ್ ಕದ್ದು ಪದೇ ಪದೇ ಒಳಬರುವುದು ಕಡಿಮೆ. ಫೋನ್ ಐದು ನಿಮಿಷ ಕೈಗೆ ಸಿಕ್ಕರೆ ಸೆಟ್ಟಿಂಗ್ಸ್‌ಗೆ ಹೋಗಿ ಫಾರ್ವರ್ಡಿಂಗ್ ಹಾಕಿಬಿಡುತ್ತಾರೆ. ಅಲ್ಲಿಂದ ಮುಂದೆ ಬರುವ ಪ್ರತಿ ಮೇಲ್‌ನ ಒಂದು ಪ್ರತಿ ಅವರಿಗೂ ಹೋಗುತ್ತದೆ. ಎಷ್ಟೋ ಸೇವೆಗಳಲ್ಲಿ ಪಾಸ್‌ವರ್ಡ್ ಬದಲಿಸಿದರೂ ಅದು ನಿಲ್ಲುವುದಿಲ್ಲ. ಇದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಇನ್ನೂ ಜಾಣರು ಫಿಲ್ಟರ್ ಹಾಕುತ್ತಾರೆ. ಇಂಥ ವಿಳಾಸದಿಂದ ಬಂದದ್ದನ್ನು ಮಾತ್ರ ಆ ಕಡೆ ಕಳಿಸು, ಇನ್‌ಬಾಕ್ಸ್‌ನಿಂದ ಅಳಿಸು ಅಂತ. ಆಗ ನಿಮ್ಮ ಉತ್ತರ ಅವಳಿಗೆ ಕಾಣುವುದೇ ಇಲ್ಲ, ಅವನಿಗೆ ಕಾಣುತ್ತದೆ. 'ಮೇಡಂ, ನೀವು ಉತ್ತರವೇ ಕೊಡಲಿಲ್ಲ' ಅಂತ ಯಾರಾದರೂ ಅಂದರೆ, ಸ್ಪ್ಯಾಮ್‌ಗೆ ಹೋಯಿತೇನೋ ಅಂದುಕೊಂಡು ಸುಮ್ಮನಾಗಬೇಡಿ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಲಾಗೌಟ್ ಆಗದೆ ಉಳಿದ ಖಾತೆ, ಹಂಚಿಕೊಂಡ ಕ್ಲೌಡ್ ಖಾತೆ, ಇವೂ ಇದೇ ಜಾತಿ.

ಇಲ್ಲಿ ಗಡಿಬಿಡಿ ಮಾಡಬಾರದು. ಫಾರ್ವರ್ಡಿಂಗ್ ಕಂಡ ತಕ್ಷಣ ತೆಗೆದರೆ, ಪಾಸ್‌ವರ್ಡ್ ಬದಲಿಸಿದರೆ, ಆ ಕಡೆಯವನಿಗೆ ಸುದ್ದಿ ಮುಟ್ಟುತ್ತದೆ. ಸಿಟ್ಟು ಯಾರ ಮೇಲೆ ತಿರುಗುತ್ತದೆ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಾಗಾಗಿ ಹಳೆಯ ಖಾತೆಯನ್ನು ಇದ್ದ ಹಾಗೇ ಬಿಡಿ. ಅವನ ಕೈಗೆ ಸಿಗದ ಬೇರೆ ಯಂತ್ರದಲ್ಲಿ ಹೊಸ ಖಾತೆ ಮಾಡಿಸಿ. ಆ ವಿಳಾಸವನ್ನು ಮನೆಯ ಫೋನ್‌ಗೆ ಸೇರಿಸಬಾರದು, ಆ ಫೋನ್ ನಂಬರನ್ನೂ ರಿಕವರಿಗೆ ಕೊಡಬಾರದು. ಯಾವಾಗ ಏನು ಬದಲಿಸಬೇಕು ಅನ್ನುವುದನ್ನು ಅವಳೇ ಹೇಳಲಿ.

ಫೋಟೋ ಬಗ್ಗೆ ಒಂದು ಮಾತು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಫೋನ್‌ನಲ್ಲಿ ತೆಗೆದ ಫೋಟೋ ಒಳಗೆ ತೆಗೆದ ಸಮಯ ಇರುತ್ತದೆ. ಕ್ಯಾಮೆರಾಗೆ ಅನುಮತಿ ಇದ್ದರೆ ತೆಗೆದ ಜಾಗವೂ ಇರುತ್ತದೆ. ಮೇಲ್‌ನಲ್ಲಿ ಅಟ್ಯಾಚ್ ಮಾಡಿದರೆ ಸಾಮಾನ್ಯವಾಗಿ ಅದು ಹಾಗೇ ಹೋಗುತ್ತದೆ. ಮನೆ ಬಿಟ್ಟು ಬೇರೆ ಕಡೆ ಆಶ್ರಯ ಪಡೆದವಳು ಅಲ್ಲಿಂದ ಫೋಟೋ ಕಳಿಸಿದರೆ, ಆ ಮೇಲ್ ಸಿಗಬಾರದವರ ಕೈಗೆ ಸಿಕ್ಕರೆ, ವಿಳಾಸವೇ ಸಿಕ್ಕಂತೆ. ಹಾಗಂತ ಮೂಲ ಫೋಟೋವನ್ನು ಅಳಿಸಬೇಡಿ. ಆ ಸಮಯ, ಆ ಜಾಗ ಮುಂದೆ ಸಾಕ್ಷಿಗೆ ಬೇಕಾಗಬಹುದು. ಮೂಲವನ್ನು ಮುಖತಃ ಸಿಕ್ಕಾಗ ಪೆನ್‌ಡ್ರೈವ್‌ಗೆ ತೆಗೆದುಕೊಂಡು, ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ನಲ್ಲಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈಗಿನ ಸೇವೆಯನ್ನು ಬಿಡುತ್ತಿರಲಿಲ್ಲ. ನಿಮ್ಮ ಕಡೆಯ ಮನೆ ಭದ್ರವಾಗಿದೆ, ಅದು ಸಣ್ಣದಲ್ಲ. ಆದರೆ ಮೇಲ್‌ಗೆ ಕೊಡುವ ಕೆಲಸ ಕಡಿಮೆ ಮಾಡುತ್ತಿದ್ದೆ. ಭೇಟಿಯ ದಿನ, ಗಂಟೆ, ಅಷ್ಟಕ್ಕೆ ಮೇಲ್ ಸಾಕು. ಸಬ್ಜೆಕ್ಟ್ ಖಾಲಿ, ಇಲ್ಲವೇ 'ನಾಳಿನ ವಿಷಯ' ಎಂಬಂಥ ಸಪ್ಪೆ ಮಾತು. ನಿಮ್ಮ ಸಹಿಯ ಕೆಳಗೆ 'ಕೌಟುಂಬಿಕ ಸಲಹೆಗಾರ್ತಿ' ಅಂತ ತಾನಾಗಿ ಬರುತ್ತಿದ್ದರೆ ತೆಗೆಯಿರಿ. ಬರೆದೇ ಹೇಳಬೇಕಾದಾಗ ನಿಮ್ಮ ಸೇವೆಯಲ್ಲಿ ಹೊರಗಿನವರಿಗೆ ಪಾಸ್‌ವರ್ಡ್ ಹಾಕಿ ಮೇಲ್ ಕಳಿಸುವ ಅನುಕೂಲ ಇದೆಯಾ ನೋಡಿ. ಪ್ರೋಟಾನ್, ಟುಟಾನೋಟಾ ಎರಡರಲ್ಲೂ ಇದೆ. ಅವಳಿಗೆ ಹೋಗುವುದು ಬರೀ ಲಿಂಕ್. ಪಾಸ್‌ವರ್ಡನ್ನು ಮೊದಲೇ ಮುಖತಃ ಹೇಳಿರಬೇಕು, ಇನ್ನೊಂದು ಮೇಲ್‌ನಲ್ಲಿ ಕಳಿಸಿದರೆ ಏನು ಬಂತು ಭಾಗ್ಯ? ಜಿಮೇಲ್‌ನ ಕಾನ್ಫಿಡೆನ್ಷಿಯಲ್ ಮೋಡ್ ಇದಲ್ಲ. ಅದರಲ್ಲಿ ಗೂಗಲ್‌ಗೆ ಬರಹ ಕಾಣುತ್ತದೆ, ಸ್ಕ್ರೀನ್‌ಶಾಟ್ ತೆಗೆಯುವುದನ್ನೂ ತಡೆಯಲಾಗುವುದಿಲ್ಲ.

ಸಿಗ್ನಲ್‌ನಂಥ ಆ್ಯಪ್ ಇನ್ನೂ ಒಳ್ಳೆಯದಲ್ಲವೇ ಅಂತ ಕೇಳಬಹುದು. ಬೀಗದ ಲೆಕ್ಕದಲ್ಲಿ ಹೌದು. ಅಲ್ಲಿ ಎರಡೂ ಮನೆಗೆ ಬೀಗವಿದೆ, ನಿಗದಿತ ಹೊತ್ತಿಗೆ ಸಂದೇಶ ತಾನೇ ಅಳಿಯುತ್ತದೆ. ಆದರೆ ಫೋನ್ ತಡಕುವ ಗಂಡನಿಗೆ ಹೊಸ ಆ್ಯಪ್‌ನ ಚಿತ್ರ ಕಂಡರೆ ಅದೇ ಒಂದು ಜಗಳ. ತಾನೇ ಅಳಿಯುವ ಸಂದೇಶದ ಜೊತೆ ಬೆದರಿಕೆಯ ಪುರಾವೆಯೂ ಅಳಿಯಬಹುದು. ಒಬ್ಬೊಬ್ಬರಿಗೂ ಬೇರೆ ಉತ್ತರ ಇದು. ಕೆಲವರಿಗೆ ಫೋನ್ ಕರೆಯೇ ಸರಿ, ಕೆಲವರಿಗೆ ಅದೂ ಬೇಡ.

ಕೊನೆಗೆ ಹಳೆಯ ಜಿಮೇಲ್. ಈಗಲೇ ಅಳಿಸಬೇಡಿ. ಹತ್ತು ವರ್ಷದ ಪರಿಚಯಸ್ಥರು ಅದೇ ವಿಳಾಸಕ್ಕೆ ಬರೆಯುತ್ತಾರೆ, ಬರೆದವರಿಗೆ ಉತ್ತರ ಸಿಗದಿದ್ದರೆ ಕಷ್ಟ. ಒಳಗಿರುವ ಸೂಕ್ಷ್ಮ ಮೇಲ್‌ಗಳನ್ನು ಇಳಿಸಿಕೊಂಡು ಅಲ್ಲಿಂದ ತೆಗೆಯಿರಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ನಿಮ್ಮ ಬ್ಯಾಂಕ್, ಬೇರೆ ಖಾತೆಗಳು ಆ ವಿಳಾಸಕ್ಕೆ ಅಂಟಿಕೊಂಡಿದ್ದರೆ ಒಂದೊಂದಾಗಿ ಹೊಸದಕ್ಕೆ ತನ್ನಿ. ಬಂದವರಿಗೆ ಹೊಸ ವಿಳಾಸ ತಿಳಿಸುವ ತಾನೇ ಹೋಗುವ ಉತ್ತರ ಹಾಕಿ, ಅದರಲ್ಲಿ ನಿಮ್ಮ ವೃತ್ತಿಯ ಹೆಸರು ಬೇಡ. ಆಗಾಗ ಲಾಗಿನ್ ಆಗುತ್ತಿರಿ. ಎರಡು ವರ್ಷ ಮುಟ್ಟದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿದೆ. ನಿಮ್ಮ ಹತ್ತಿರ ಬರುವವರಲ್ಲಿ ಯಾರಿಗಾದರೂ ಯಾಹೂ ಖಾತೆ ಇದ್ದರೆ ಇದನ್ನೇ ಇನ್ನೂ ಗಟ್ಟಿಯಾಗಿ ಹೇಳಿ. 2013ರಲ್ಲಿ ಆ ಕಂಪನಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಳಸದೆ ಬಿಟ್ಟ ವಿಳಾಸಗಳನ್ನು ಹೊಸಬರಿಗೆ ಕೊಟ್ಟಿತ್ತು. ಹಳೆಯ ಒಡೆಯರಿಗೆ ಬರಬೇಕಾದ ಮೇಲ್ ಹೊಸಬರ ಇನ್‌ಬಾಕ್ಸ್‌ಗೆ ಹೋಗಿ ಬೀಳುತ್ತಿತ್ತು.